ಗುಂಪಿನಲ್ಲಿ ಬೈಕ್ ಸವಾರಿ: ಕೊನೆಯ ಸವಾರನ ಲೆಕ್ಕದಲ್ಲಿ ಹೊರಡಿ

ಶನಿವಾರ ನಸುಕಿನಲ್ಲಿ ನೆಲಮಂಗಲ ದಾಟಿದರೆ ಸಾಕು, ಬೇಲೂರು, ಚಿಕ್ಕಮಗಳೂರು, ಚಾರ್ಮಾಡಿ ಎಂದು ಹೊರಟ ಬೈಕ್ ಗುಂಪುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಜೊತೆಗೆ ಜನರಿದ್ದರೆ ಧೈರ್ಯ ನಿಜ, ಆದರೆ ಆ ಧೈರ್ಯವೇ ಎಡವಟ್ಟಿಗೂ ಕಾರಣ. ಒಬ್ಬರೇ ಹೋಗುವಾಗ ಎಂದೂ ಕೈಹಾಕದ ಓವರ್‌ಟೇಕನ್ನು, ಮುಂದಿನವರು ಮಾಡಿದರೆಂದು ನಾವೂ ಮಾಡಿಬಿಡುತ್ತೇವೆ.

ಹಿಂದಿನ ದಿನವೇ ಮಾಡಬೇಕಾದದ್ದು

ಗುಂಪಿಗೆ ಐದಾರು ಬೈಕ್ ಸಾಕು. ಹನ್ನೆರಡು ಮಂದಿ ಸೇರಿದರೆ ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಮುಂದಾಳು ಇರಲಿ. ಯಾರ ಟ್ಯಾಂಕ್ ಚಿಕ್ಕದೋ ಅವರ ಬೈಕ್ ಎಷ್ಟು ದೂರ ಓಡುತ್ತದೆ ಎಂಬುದರ ಮೇಲೆ ಪೆಟ್ರೋಲ್ ಬಂಕ್‌ಗಳನ್ನು ಗೊತ್ತುಮಾಡಿ. ನಿಂತಾಗ ಎಲ್ಲರೂ ತುಂಬಿಸಿಕೊಳ್ಳಲಿ. ಟೈರಿನ ಗಾಳಿ, ಚೈನು, ಬ್ರೇಕು, ಹಿಂದಿನ ದೀಪ ಇವನ್ನು ಮನೆಯಲ್ಲೇ ನೋಡಿಕೊಂಡು ಬರಬೇಕು. ಸೈಲೆನ್ಸರಿಗೆ ಸಾವಿರಾರು ರೂಪಾಯಿ ಸುರಿದು, ತಲೆಗೆ ಮಾತ್ರ ಐಎಸ್‌ಐ ಗುರುತಿಲ್ಲದ ಟೋಪಿಯನ್ನು ಹೆಲ್ಮೆಟ್ ಎಂದು ಹಾಕಿಕೊಳ್ಳುವವರನ್ನು ಕಂಡರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯೇ ನೆನಪಾಗುತ್ತದೆ. ಮೈಸೂರಿನ ಕಡೆ ಹೊರಟವರು ಇನ್ನೊಂದು ಗಮನಿಸಿ: ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಯಾರು ಎಲ್ಲಿರಬೇಕು?

ದಾರಿ ಗೊತ್ತಿರುವ, ಅವಸರವಿಲ್ಲದ ಸವಾರ ಮುಂದೆ. ಎಲ್ಲರಿಗಿಂತ ಅನುಭವಿ, ಪಂಕ್ಚರ್ ಕಿಟ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟುಕೊಂಡವರು ಕೊನೆಗೆ. ಹೊಸಬರು ಮುಂದಾಳುವಿನ ಬೆನ್ನಿಗೇ ಇರಬೇಕು. ‘ನಿಧಾನಕ್ಕೆ ಹಿಂದೆ ಬಾ’ ಎಂದು ಅವರನ್ನು ಬಾಲಕ್ಕೆ ಹಾಕುವುದೇ ಸಾಮಾನ್ಯವಾಗಿ ನಡೆಯುವ ತಪ್ಪು.

ಏಕೆಂದು ನೋಡಿ. ಊರಿನ ಬಳಿ ಉಬ್ಬು ಬಂತು. ಮುಂದಾಳು ದಾಟಿ 60 ಕಿ.ಮೀ. ವೇಗ ಹಿಡಿದಾಗ ಆರನೆಯ ಬೈಕ್ ಇನ್ನೂ ಉಬ್ಬಿನ ಹಿಂದೆಯೇ ಇರುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಸರಿಯುತ್ತದೆ; ಕೊನೆಯವರು ಹತ್ತು ಸೆಕೆಂಡ್ ತಡವಾಗಿ ಉಬ್ಬು ಇಳಿಯುವಷ್ಟರಲ್ಲಿ ನಡುವೆ ನೂರು ಮೀಟರ್‌ಗೂ ಮಿಕ್ಕಿದ ಅಂತರ. ಅದನ್ನು ಮುಚ್ಚಲು ಅವರು 80ಕ್ಕೆ ಏರಲೇಬೇಕು. ಮುಂದಾಳು ಎಲ್ಲೂ 60 ಮೀರದಿದ್ದರೂ ಬಾಲದಲ್ಲಿ ನಡೆಯುವುದು ಓಟದ ಸ್ಪರ್ಧೆಯೇ. ಆದ್ದರಿಂದ ಉಬ್ಬು, ಸಿಗ್ನಲ್, ಟೋಲ್ ದಾಟಿದ ಮೇಲೆ ಕನ್ನಡಿಯಲ್ಲಿ ಕೊನೆಯ ಬೈಕಿನ ದೀಪ ಕಾಣುವವರೆಗೆ ಮುಂದಾಳು 40ರ ಮೇಲೆ ಹೋಗಬಾರದು.

ಹೆದ್ದಾರಿಯಲ್ಲಿ

ಒಂದೇ ಲೇನಿನೊಳಗೆ ಓರೆಸಾಲಿನಲ್ಲಿ ಸಾಗಿ: ಮೊದಲನೆಯವರು ಬಲಕ್ಕೆ, ಎರಡನೆಯವರು ಎಡಕ್ಕೆ, ಮೂರನೆಯವರು ಮತ್ತೆ ಬಲಕ್ಕೆ. ಓರೆಯಲ್ಲಿರುವ ಬೈಕಿಗೂ ನಿಮಗೂ ಒಂದು ಸೆಕೆಂಡ್, ನೇರ ಮುಂದಿರುವ ಬೈಕಿಗೆ ಎರಡು ಸೆಕೆಂಡ್ ಅಂತರವಿರಲಿ. ನೇರ ಮುಂದಿರುವ ಬೈಕ್ ಮೈಲಿಗಲ್ಲು ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಅಷ್ಟಕ್ಕೆ ಮೊದಲೇ ನೀವು ಕಲ್ಲು ತಲುಪಿದರೆ ಹತ್ತಿರವಾದಿರಿ ಎಂದರ್ಥ. ಅಕ್ಕಪಕ್ಕ ಹೋಗುತ್ತಾ ಹರಟುವುದು ಬೇಡವೇ ಬೇಡ. ಗುಂಡಿ ತಪ್ಪಿಸಲು ಜಾಗವೇ ಉಳಿಯುವುದಿಲ್ಲ.

ಲಾರಿಯನ್ನು ಒಬ್ಬೊಬ್ಬರಾಗಿ ಹಿಂದಿಕ್ಕಬೇಕು. ‘ಬಾ ಬಾ’ ಎಂದು ಮುಂದಿನವರು ಕೈಬೀಸಿದರೂ ನಂಬಬೇಡಿ, ಎದುರಿನ ರಸ್ತೆಯನ್ನು ನಿಮ್ಮ ಕಣ್ಣೇ ನೋಡಲಿ. ದಾಟಿದವರು ಲಾರಿಯ ಮೂತಿಗೆ ಅಂಟಿಕೊಂಡು ನಿಧಾನಿಸದೆ, ಹಿಂದೆ ಬರುವವರಿಗೆ ಜಾಗ ಬಿಟ್ಟು ಮುಂದೆ ಸಾಗಬೇಕು.

ತಿರುವಿರುವ ಕೂಡುರಸ್ತೆಯಲ್ಲಿ ಹೊಸಬರ ಹಿಂದಿರುವ ಸವಾರ ಸುರಕ್ಷಿತ ಜಾಗದಲ್ಲಿ ನಿಂತು ದಾರಿ ತೋರಿಸಿ, ಎಲ್ಲರೂ ದಾಟಿದ ಮೇಲೆ ಕೊನೆಯವರ ಮುಂದೆ ಸೇರಿಕೊಳ್ಳಲಿ. ದಾರಿ ತಪ್ಪುವುದಿಲ್ಲ ಎಂದು ಗೊತ್ತಿದ್ದರೆ ಹಿಂದಿನವರಿಗೂ ಬೆನ್ನಟ್ಟುವ ಗಾಬರಿ ಇರದು.

ಘಾಟಿ, ಮಂಜು, ಒಕ್ಕಣೆ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಓರೆಸಾಲು ಬಿಟ್ಟು ಒಬ್ಬರ ಹಿಂದೊಬ್ಬರಾಗಿ. ಹಿಮ್ಮುರಿ ತಿರುವಿನಲ್ಲಿ ಎದುರಿನ ಬಸ್ಸಿಗೆ ಇಡೀ ರಸ್ತೆಯೇ ಬೇಕಾಗುತ್ತದೆ. ಅದಕ್ಕೆ ದಾರಿ ಬಿಟ್ಟು ಕಾಯುವುದರಲ್ಲಿ ಅವಮಾನವೇನೂ ಇಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರ್ ಇರಲಿ, ಎಂಜಿನ್ ಆಫ್ ಮಾಡಿ ಇಳಿಯಬೇಡಿ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಹೋಗುವ ಚಾಳಿ ನನಗೆ ಅರ್ಥವಾಗಿಲ್ಲ: ತಿರುಗುವುದು ಎಡಕ್ಕೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯುವುದಾದರೂ ಹೇಗೆ? ಹೆಡ್‌ಲೈಟ್ ಲೋ ಬೀಮ್‌ನಲ್ಲಿದ್ದರೆ ಸಾಕು.

ಡಿಸೆಂಬರ್–ಜನವರಿಯಲ್ಲಿ ತುಮಕೂರು, ಹಾಸನದ ಒಳರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಉದುರಿದ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಟೈರು ಜಾರುತ್ತದೆ. ಕಂಡ ಕೂಡಲೇ ಮುಂದಾಳು ಕೈ ಚಾಚಿ, ಅಂಗೈಯನ್ನು ಕೆಳಮುಖವಾಗಿ ಆಡಿಸಿ ವೇಗ ಇಳಿಸಬೇಕು. ಬ್ರೇಕಿನ ಕೆಲಸವೆಲ್ಲ ರಾಶಿಗೆ ಮೊದಲೇ ಮುಗಿಯಲಿ. ಪಕ್ಕದಲ್ಲಿ ಜಾಗವಿದ್ದರೆ ಅಲ್ಲಿ, ಇಲ್ಲದಿದ್ದರೆ ಹ್ಯಾಂಡಲ್ ನೇರ ಹಿಡಿದು ನಡಿಗೆಯ ವೇಗದಲ್ಲಿ ದಾಟಿ.

ಯಾರಾದರೂ ಬಿದ್ದರೆ

ಎಲ್ಲರೂ ಅಲ್ಲೇ ಗುಂಪುಗೂಡಬೇಡಿ. ಬೈಕ್‌ಗಳು ರಸ್ತೆಯಿಂದ ಕೆಳಗೆ ಇಳಿಯಲಿ. ಒಬ್ಬರು ಹಿಂದಿನ ತಿರುವಿಗೆ ನಡೆದುಹೋಗಿ ವಾಹನಗಳನ್ನು ನಿಧಾನಿಸಲಿ, ಇನ್ನೊಬ್ಬರು 112ಕ್ಕೆ ಅಥವಾ 108ಕ್ಕೆ ಕರೆ ಮಾಡಲಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಕುತ್ತಿಗೆಗೆ ಪೆಟ್ಟಾಗಿರಬಹುದು, ಹಾಗಾಗಿ ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಬಿದ್ದವರು ‘ನನಗೇನೂ ಆಗಿಲ್ಲ’ ಎಂದು ಎದ್ದು ಮೈ ಕೊಡವಿಕೊಂಡರೂ ವೈದ್ಯರಿಗೆ ತೋರಿಸಿ, ಅಂದು ಅವರ ಕೈಗೆ ಬೈಕ್ ಕೊಡಬೇಡಿ.