ವ್ಯಾನ್ ಬಿಟ್ಟು ಟ್ರೇಲರ್ ಕಟ್ಟಿಕೊಂಡ ನನ್ನ ಲೆಕ್ಕ

ತೀರ್ಥಹಳ್ಳಿ, ಕೊಪ್ಪದ ಕಡೆ ಅಡಿಕೆ ಅಂಗಳಕ್ಕೆ ಶೀಟಿನ ಮಾಡು ಹಾಕುವ ನಮ್ಮಂಥ ವೆಲ್ಡಿಂಗ್‌ನವರು ಕರೆಂಟನ್ನು ನಂಬಿ ಹೊರಡುವಂತಿಲ್ಲವಾದ್ದರಿಂದ ಜನರೇಟರ್, ವೆಲ್ಡಿಂಗ್ ಮಷಿನ್, ಸಿಲಿಂಡರ್ ಎಲ್ಲವೂ ಜೊತೆಗೇ ಬರಬೇಕು. ನನ್ನಲ್ಲಿದ್ದ ಹಳೆಯ ಬೊಲೆರೊ ಕ್ಯಾಂಪರ್ (ಎರಡು ಸಾಲು ಸೀಟಿನ ಪಿಕಪ್) ಮಾರಿ, ಮುಚ್ಚಿದ ಬಾಡಿಯ ಟಾಟಾ ಏಸ್ ವ್ಯಾನ್ ಕೊಳ್ಳುವಂತೆ ಎಲ್ಲರೂ ಹೇಳಿದರು. ನಾನು ಕ್ಯಾಂಪರ್ ಉಳಿಸಿಕೊಂಡು ಹಿಂದೆ ಎರಡು ಚಕ್ರದ ಟ್ರೇಲರ್ ಕಟ್ಟಿದೆ. "ಘಾಟಿ ಇಳಿಯುವಾಗ ನಿನ್ನನ್ನೇ ದಬ್ಬುತ್ತದೆ ಮಾರಾಯ" ಎಂದವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ.

ಏಸ್‌ಗೆ ಬಾಡಿ ಸೇರಿ ಏಳು ಲಕ್ಷದ ಹತ್ತಿರ ಹೇಳಿದ್ದರು. ಕಂತೇ ತಿಂಗಳಿಗೆ ಹದಿಮೂರು ಸಾವಿರದಷ್ಟು ಬರುತ್ತಿತ್ತು. ಟ್ರೇಲರ್‌ಗೆ ನೋಂದಣಿ, ವಿಮೆ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಿತು. ನೋಂದಣಿ ಏಕೆಂದು ಕೇಳುವವರಿದ್ದಾರೆ: 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಇದಕ್ಕಿಂತ ದೊಡ್ಡ ಲಾಭವೆಂದರೆ, ನನ್ನ ನಾಲ್ವರು ಕೆಲಸದ ಹುಡುಗರೂ ಕ್ಯಾಂಪರಿನ ಸೀಟಿನಲ್ಲೇ ಕೂರುತ್ತಾರೆ, ಮತ್ತು ಟ್ರೇಲರನ್ನು ಕೆಲಸ ಮುಗಿಯುವವರೆಗೆ ಅಂಗಳದಲ್ಲೇ ಬಿಟ್ಟು ನಾನು ಇನ್ನೊಂದು ಮನೆಯ ಅಳತೆಗೆ ಹೋಗಬಹುದು.

ಮೊದಲ ಮಳೆಗಾಲ ಮಾತ್ರ ಜೀವ ಹಿಂಡಿತು. ಸ್ಟಾರ್ಟ್ ಮಾಡಲು ಅನುಕೂಲವೆಂದು ಜನರೇಟರನ್ನು ಹಿಂಬದಿಗೆ ಕೂರಿಸಿದ್ದೆವು. ವೇಗ ಐವತ್ತು ಮುಟ್ಟುತ್ತಲೇ ಟ್ರೇಲರ್ ಬಾಲ ಬೀಸತೊಡಗಿ ಸ್ಟಿಯರಿಂಗ್ ಕೈಗೆ ಸಿಗದಂತಾಗುತ್ತಿತ್ತು. ಜನರೇಟರನ್ನು ಚಕ್ರದ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಸರಿಸಿ, ಒಟ್ಟು ಭಾರದ ಹತ್ತರಲ್ಲೊಂದು ಪಾಲು ಕ್ಯಾಂಪರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವಂತೆ ಮಾಡಿದ ಮೇಲೆ ಓಲಾಟ ನಿಂತಿತು. ಆ ಭಾರವನ್ನು ಗುಜರಿಯವರ ತಕ್ಕಡಿಯಲ್ಲೇ ತೂಗಿ ನೋಡಿದ್ದೆ. ಸ್ಪ್ರಿಂಗಿನ ಒಂದು ಪಟ್ಟಾ ಮುರಿದು ಎರಡು ದಿನದ ಕೂಲಿಯೂ ಐದಾರು ಸಾವಿರವೂ ಹೋದವು. ಹಿಂಬದಿ ದೀಪದ ವೈರು ಅದುರಿ ಅದುರಿ ತುಂಡಾಗುತ್ತಿತ್ತು. ಈಗ ಪೈಪಿನೊಳಗೆ ಹಾಯಿಸಿದ್ದೇನೆ. ಕೊಂಡಿಯ ಸದ್ದು ಅಡಗಿಸಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ಶೆಡ್ಡಿಗೇ ಬರಬೇಕು.

ಇಪ್ಪತ್ತು ಅಡಿಯ ಪೈಪು ವ್ಯಾನಿಗೂ ಹಿಡಿಸುವುದಿಲ್ಲ, ಟ್ರೇಲರಿಗೂ ಹಿಡಿಸುವುದಿಲ್ಲ. ಹೊರಚಾಚಿದ ಸರಕಿಗೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ ಇರುವುದರಿಂದ ಅದನ್ನು ಅಂಗಡಿಯವರೇ ಉದ್ದ ಗಾಡಿಯಲ್ಲಿ ಇಳಿಸಲಿ ಎಂದು ಬಾಡಿಗೆ ಕೊಡುತ್ತೇನೆ.

ನಡುವೆ ಟ್ರೇಲರಿನ ಮುಚ್ಚಳದ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಬ್ಯಾಟರಿ ಗ್ರೈಂಡರ್ ಚಾರ್ಜ್ ಮಾಡಿ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು, ಆಷಾಢದಲ್ಲಿ ಅದರಿಂದ ಮೊಬೈಲ್ ತುಂಬಿದರೆ ಹೆಚ್ಚು.

ಪೇಟೆಯಲ್ಲಿ ದಿನಕ್ಕೆ ನಾಲ್ಕೈದು ಮನೆ ಸುತ್ತುವ ಪ್ಲಂಬರ್, ವೈರಿಂಗ್‌ನವರಿಗೆ ವ್ಯಾನೇ ಸರಿ. ಓಣಿಯಲ್ಲಿ ಟ್ರೇಲರ್ ರಿವರ್ಸ್ ತೆಗೆಯುವಷ್ಟು ಹೊತ್ತಿಗೆ ಅವರ ಒಂದು ಕೆಲಸ ಮುಗಿದಿರುತ್ತದೆ. ಒಂದೇ ಅಂಗಳದಲ್ಲಿ ವಾರಗಟ್ಟಲೆ ನಿಲ್ಲುವವರು ಟ್ರೇಲರ್ ಕಟ್ಟಿಸಲಿ, ಮೇ ತಿಂಗಳೊಳಗೆ ಚಕ್ರ ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿಕೊಳ್ಳಲಿ.