ಮೂರು ಪೆಟ್ಟು, ಎರಡು ಕಾಲು, ಒಂದು ಕರಡಿ

ಕರಡಿಯನ್ನು ಮಂಜುಗಡ್ಡೆಯ ಮೇಲೆ ಕುಣಿಸಬೇಕು ಅಂತ ಹೊರಟವನು ಮೊದಲ ನಾಲ್ಕು ದಿನ ಒಂದು ಗೆರೆಯನ್ನೂ ಎಳೆಯಲಿಲ್ಲ. ಎಣಿಸುತ್ತಾ ಕೂತಿದ್ದೆ.

ಹಗಲೆಲ್ಲ ಕಂಪ್ಯೂಟರಿನಲ್ಲಿ ಜಾಹೀರಾತಿನ ಆನಿಮೇಶನ್ ಮಾಡೋದು ನನ್ನ ಹೊಟ್ಟೆಪಾಡು. ರಾತ್ರಿ ಊಟ ಆದಮೇಲೆ ಲೈಟ್ ಬಾಕ್ಸ್ (ಕೆಳಗಿನ ಚಿತ್ರ ಕಾಣುವಂತೆ ಅಡಿಯಿಂದ ಬೆಳಕು ಬರುವ ಪೆಟ್ಟಿಗೆ) ಹಚ್ಚಿ ಕಾಗದದ ಮೇಲೆ ಏನಾದರೂ ಗೀಚುತ್ತೇನೆ. ಈ ಸಲದ ಹುಚ್ಚು ಹತ್ತಿದ್ದು ಡಿಸ್ನಿಯವರ ಹಳೆಯ ಸಿಲ್ಲಿ ಸಿಂಫನಿಗಳಿಂದ. 1929ರಿಂದ 1939ರೊಳಗೆ ಆ ಸರಣಿಯಲ್ಲಿ 75 ಕಿರುಚಿತ್ರ ಬಂದವು. ಶುರುವಿನಲ್ಲೇ ನಾಲ್ಕು ಋತುಗಳ ಮೇಲೆ ನಾಲ್ಕು ಮಾಡಿದರು. ಮೊದಲ ಮೂರನ್ನು ನಿರ್ದೇಶಿಸಿದ ಅಬ್ ಐವರ್ಕ್ಸ್ 1930ರ ಆರಂಭದಲ್ಲಿ ಸ್ಟುಡಿಯೋ ಬಿಟ್ಟರು, ನಾಲ್ಕನೆಯ 'ವಿಂಟರ್' ಬರ್ಟ್ ಜಿಲೆಟ್ ಕೈಗೆ ಬಂತು. ಕಪ್ಪು ಬಿಳುಪು, ಕಥೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಕಾಡಿನ ಪ್ರಾಣಿಗಳು ಹಿಮದಲ್ಲಿ ಕುಣಿಯುತ್ತವೆ, ಜಾರುತ್ತವೆ. ಕೊನೆಗೆ ಬಿಲದಿಂದ ಗ್ರೌಂಡ್‌ಹಾಗ್ ಅನ್ನೋ ದೊಡ್ಡ ಅಳಿಲಿನ ಜಾತಿಯ ಪ್ರಾಣಿ ಹೊರಬಂದು ತನ್ನ ನೆರಳು ನೋಡಿಕೊಂಡ ಕೂಡಲೇ ಎಲ್ಲವೂ ಮನೆಗೆ ಓಟ. ಫೆಬ್ರವರಿ 2ರಂದು ಅದಕ್ಕೆ ನೆರಳು ಕಂಡರೆ ಇನ್ನೂ ಆರು ವಾರ ಚಳಿ ಅನ್ನೋದು ಅಮೆರಿಕದವರ ನಂಬಿಕೆ. ನಮ್ಮಲ್ಲಿ ಚಳಿ ಶಿವರಾತ್ರಿಗೆ ಶಿವಶಿವಾ ಅಂತ ತಾನಾಗಿ ಹೋಗುತ್ತಲ್ಲ, ಅವರಿಗೆ ಅದಕ್ಕೊಂದು ಪ್ರಾಣಿಯ ಸಾಕ್ಷಿ ಬೇಕು.

ನನ್ನನ್ನು ಹಿಡಿದದ್ದು ಕಥೆಯಲ್ಲ, ತಾಳ. ಈ ಸರಣಿಯಲ್ಲಿ ಸಂಗೀತ ಮೊದಲು, ಚಿತ್ರ ಆಮೇಲೆ. ಹಾಗೆ ಮಾಡೋಣ ಅಂತ ವಾಲ್ಟ್ ಡಿಸ್ನಿಗೆ ಹೇಳಿದ್ದು ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರಿನಲ್ಲಿ ಆರ್ಗನ್ ನುಡಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್. ಸಂಗೀತದ ಜೊತೆ ಗೆರೆ ಹೊಂದಿಸೋ ಲೆಕ್ಕಕ್ಕೆ ದಾರಿ ಮಾಡಿದವರು ಡಿಸ್ನಿಯ ಆನಿಮೇಟರ್ ವಿಲ್ಫ್ರೆಡ್ ಜಾಕ್ಸನ್. ಅವರ ತಾಯಿ ಸಂಗೀತದ ಟೀಚರ್, ಆದ್ದರಿಂದ ಮೆಟ್ರೊನೋಮ್, ಅಂದರೆ ಟಕ್ ಟಕ್ ಅಂತ ಸಮವಾಗಿ ತಾಳ ಹೊಡೆಯೋ ಯಂತ್ರ, ಅವರಿಗೆ ಗೊತ್ತಿತ್ತು. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಮೆಟ್ರೊನೋಮ್ ನಿಮಿಷಕ್ಕೆ 120 ಸಲ ಹೊಡೆದರೆ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್. ಇಷ್ಟೇ ಗುಟ್ಟು.

ನಾನು ಆರಿಸಿಕೊಂಡದ್ದು ವಾಲ್ಟ್ಜ್, ಮೂರು ಪೆಟ್ಟಿನ ತಾಳದ ಯುರೋಪಿನ ಕುಣಿತದ ಸಂಗೀತ. ಐಸ್ ಮೇಲೆ ಜಾರೋದು ಅಂದರೆ ಯುರೋಪಿನವರ ಕಿವಿಗೆ ವಾಲ್ಟ್ಜೇ. ಫ್ರಾನ್ಸಿನ ಸಂಗೀತಗಾರ ವಾಲ್ಡ್‌ಟಾಯ್ಫೆಲ್ ಸ್ಕೇಟಿಂಗ್ ಮಾಡುವವರ ಹೆಸರಲ್ಲೇ ಒಂದು ವಾಲ್ಟ್ಜ್ ಕಟ್ಟಿದ್ದು 1882ರಲ್ಲಿ. ನನಗೆ ಗೆಳೆಯನೊಬ್ಬ ಕೀಬೋರ್ಡಿನಲ್ಲಿ ಅರ್ಧ ನಿಮಿಷದ ಹೊಸ ಮಟ್ಟು ನುಡಿಸಿಕೊಟ್ಟ. ಭಾವ ಬಂದ ಕಡೆ ಲಯ ಎಳೆದಿದ್ದ, ಕೇಳೋಕೆ ಚೆಂದ, ನನ್ನ ಕೆಲಸಕ್ಕೆ ಬರಲ್ಲ. ಅವನ ಕಿವಿಗೆ ನಿಮಿಷಕ್ಕೆ 120 ಸಲ ಹೊಡೆಯೋ ಮೆಟ್ರೊನೋಮಿನ ಕ್ಲಿಕ್ ಹಾಕಿಸಿ ಅವನಿಂದಲೇ ಮತ್ತೆ ನುಡಿಸಿಕೊಂಡೆ. "ಇದು ಸಂಗೀತಾನಾ, ಹೊಲಿಗೆ ಮೆಷಿನ್ನಾ?" ಅಂದ. ಡಿಸ್ನಿಯ 1928ರ ಮಿಕ್ಕಿ ಮೌಸ್ ಚಿತ್ರ 'ಸ್ಟೀಮ್‌ಬೋಟ್ ವಿಲ್ಲಿ'ಯ ಮೊದಲ ರೆಕಾರ್ಡಿಂಗೂ ವಾದ್ಯದವರು ಚಿತ್ರದ ಲಯಕ್ಕೆ ಕಟ್ಟುಬೀಳದೆ ಹಾಳಾಗಿತ್ತು. ಎರಡನೇ ಸಲ ಫಿಲ್ಮಿನ ಮೇಲೆ ಕುಣಿಯೋ ಚೆಂಡು ತೋರಿಸಿ ನುಡಿಸಬೇಕಾಯಿತು.

ನಾಲ್ಕು ದಿನ ಎಣಿಸಿದ್ದು ಯಾಕೆ ಅಂದರೆ, ವಾಲ್ಟ್ಜಿಗೆ ಮೂರು ಪೆಟ್ಟು, ಕರಡಿಗೆ ಎರಡು ಕಾಲು. ಮೊದಲ 'ತಕಿಟ'ದಲ್ಲಿ ಎಡ-ಬಲ-ಎಡ, ಮುಂದಿನದು ಬಲದಿಂದ ಶುರು: ಬಲ-ಎಡ-ಬಲ. ಭರತನಾಟ್ಯ ಕಲಿತ ಅಕ್ಕ ಅಡುಗೆಮನೆಯಲ್ಲೇ ನಿಂತು ತುಳಿದು ತೋರಿಸಿದಳು, "ಅಷ್ಟೂ ಗೊತ್ತಾಗಲ್ವೇನೋ?" ಹಾಗಾಗಿ ಒಂದು ಆವರ್ತಕ್ಕೆ ಸೈಕಲ್, ಅಂದರೆ ಮತ್ತೆ ಮತ್ತೆ ಓಡಿಸೋ ಹೆಜ್ಜೆಯ ಸುತ್ತು, ಮುಗಿಯಲ್ಲ. ಎರಡು ಬೇಕು, ಆರು ಪೆಟ್ಟು, 72 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ, ನಾವು ಟೂಸ್ ಅನ್ನೋದು, 36 ಚಿತ್ರ. ಕರಡಿ ನಮ್ಮ ಕಡೆಗೇ ಮುಖ ಮಾಡಿದ್ದರೆ ಎರಡನೇ ಆವರ್ತ ಮೊದಲನೆಯದರ ಕನ್ನಡಿ. 18 ಬರೆದು ಸ್ಕ್ಯಾನ್ ಮಾಡಿ ಎಡಬಲ ಮಗುಚಿದರೆ ಆಯಿತು. ಆ ಮೂರು ಸೆಕೆಂಡನ್ನು ಹತ್ತು ಸಲ ಸುತ್ತಿಸಿದರೆ ಅರ್ಧ ನಿಮಿಷದ ಕುಣಿತ. ಆ ಕಾಲದ ಚಿತ್ರಗಳಲ್ಲಿ ಒಂದೇ ಹೆಜ್ಜೆ ಅಷ್ಟು ಸಲ ಮರುಕಳಿಸೋದನ್ನು ಸೋಮಾರಿತನ ಅಂತ ಕೆಲವರು ಮೂಗು ಮುರಿಯುತ್ತಾರೆ. 18 ಚಿತ್ರ ಕೈಯಾರೆ ಬರೆದ ಮೇಲೆ ನನಗೆ ಹಾಗೆ ಅನ್ನಿಸಲ್ಲ. ಹಾಡಿನ ಪಲ್ಲವಿ ಮತ್ತೆ ಬಂದರೆ ಯಾರೂ ಬೈಯಲ್ಲವಲ್ಲ.

ಲೆಕ್ಕ ಸರಿಹೋಯಿತು, ಜಾರುವಿಕೆ ಬರಲಿಲ್ಲ. ಹೆಪ್ಪುಗಟ್ಟಿದ ಕೆರೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ನನ್ನ ಕರಡಿ ಗದ್ದೆಯ ಕೆಸರಿನಲ್ಲಿ ನಡೆದ ಹಾಗೆ ಕಾಲೆತ್ತಿ ಇಡುತ್ತಿತ್ತು. ದಾರಿ ತೋರಿಸಿದ್ದು ಭಾನುವಾರ ಮನೆ ತೊಳೆಯುವಾಗ ಹಜಾರದ ಕೆಂಪು ರೆಡ್ ಆಕ್ಸೈಡ್ ನೆಲ. ಸೋಪಿನ ನೀರು ಚೆಲ್ಲಿತ್ತು, ಅಕ್ಕನ ಮಗ ಬಾಗಿಲಿಂದ ಓಡಿಬಂದು ಜಾರಿದ. "ಕಾಲು ಮುರ್ಕೊಂಡ್ರೆ ಯಾರೋ ನೋಡೋರು?" ಅಂತ ಅಮ್ಮ ಕೂಗುತ್ತಿದ್ದರೂ ನಾನು ಮೂರು ಸಲ ಜಾರಿಸಿ ಮೊಬೈಲಿನಲ್ಲಿ ಹಿಡಿದುಕೊಂಡೆ. ನಿಧಾನಕ್ಕೆ ಓಡಿಸಿ ನೋಡಿದರೆ ಪಾದ ಎತ್ತೋದೇ ಇಲ್ಲ. ಪಾದ ಮುಂದೆ ಹೋಗಿಬಿಡುತ್ತೆ, ಸೊಂಟ ಹಿಂದೆ ಉಳಿಯುತ್ತೆ, ಕೊನೆಗೆ ತಲೆ. ಕೈ ಎರಡೂ ಗಾಳಿಯಲ್ಲಿ ಏನನ್ನೋ ಹುಡುಕುತ್ತವೆ. ಮೊದಲ ಪೆಟ್ಟಿಗೆ ಒಂದು ತಳ್ಳು, ಉಳಿದ ಎರಡಕ್ಕೆ ಬರೀ ಜಾರೋದು, ಹಗುರಾಗಿ ಕಾಲು ತಟ್ಟೋದು. 18 ಚಿತ್ರದಲ್ಲಿ 13ನ್ನು ಹರಿದುಹಾಕಿ ಮತ್ತೆ ಬರೆದೆ. ಕಾಲು ನೆಲಕ್ಕೆ ತಾಗೋ ಚಿತ್ರವನ್ನು ಪೆಟ್ಟಿಗಿಂತ ಎರಡು ಫ್ರೇಮ್ ಮುಂಚೆ ಇಟ್ಟೆ. ಸರಿಯಾಗಿ ಪೆಟ್ಟಿನ ಮೇಲೇ ಇಟ್ಟರೆ, ವಿಚಿತ್ರ ಅನ್ನಿಸಬಹುದು, ಕರಡಿ ತಡವಾಗಿ ತುಳಿದಂತೆ ಕಾಣುತ್ತೆ.

ಲೈನ್ ಟೆಸ್ಟ್, ಅಂದರೆ ಬರೀ ಗೆರೆಚಿತ್ರಗಳನ್ನು ಸಂಗೀತದ ಜೊತೆ ಓಡಿಸಿ ನೋಡೋ ಪರೀಕ್ಷೆ, ಮಾಡಿದೆ. ಮೊದಲ ಸುತ್ತು ಅದ್ಭುತ. ನಾಲ್ಕನೇ ಸುತ್ತಿಗೆ ಕರಡಿ ಸಂಗೀತಕ್ಕಿಂತ ಮುಂದೆ, ಐದನೆಯದು ಶುರುವಾಗುವಷ್ಟರಲ್ಲಿ ಪೂರ್ತಿ ಒಂದು ಪೆಟ್ಟು ಮುಂದೆ. ಗೆಳೆಯನನ್ನು ಮನಸ್ಸಿನಲ್ಲೇ ಬೈದುಕೊಂಡು ಎರಡು ರಾತ್ರಿ ಚಿತ್ರಗಳನ್ನು ಆಕಡೆ ಈಕಡೆ ಮಾಡಿದೆ. ತಪ್ಪು ನನ್ನದೇ. ಎಡಿಟಿಂಗ್ ಫೈಲು ಆಫೀಸಿನ ಅಭ್ಯಾಸಕ್ಕೆ ಸೆಕೆಂಡಿಗೆ 25 ಫ್ರೇಮಿನಲ್ಲಿ ತೆರೆದುಕೊಂಡಿತ್ತು. 12 ಫ್ರೇಮು ಅರ್ಧ ಸೆಕೆಂಡಿನ ಬದಲು 0.48 ಸೆಕೆಂಡಿಗೇ ಮುಗಿಯುತ್ತಿತ್ತು. ಪೆಟ್ಟಿಗೆ 0.02 ಸೆಕೆಂಡು ಅಂದರೆ ಕಣ್ಣಿಗೆ ಏನೂ ಅಲ್ಲ, 25 ಪೆಟ್ಟಾದರೆ ಅರ್ಧ ಸೆಕೆಂಡು. 24ಕ್ಕೆ ಬದಲಾಯಿಸಿದೆ. ಕರಡಿ ಕೊನೆಯ ಪೆಟ್ಟಿನವರೆಗೂ ತಾಳ ಬಿಡಲಿಲ್ಲ.

ಎಲ್ಲರಿಗೂ ತೋರಿಸಿದೆ. ಅಕ್ಕನ ಮಗ ಎರಡು ಸಲ ನೋಡಿ, "ಮಾಮಾ, ಕರಡಿಗೆ ನೆರಳೇ ಇಲ್ವಲ್ಲ, ಗಾಳೀಲಿ ತೇಲ್ತಿದೆ" ಅಂದ. ಹೌದು. ಬಿಳಿ ಕಾಗದವೇ ಹಿಮ ಅಂತ ನೆಲಕ್ಕೆ ಏನೂ ಬರೆದಿರಲಿಲ್ಲ.

ನೆರಳು ಬರೆಯೋಕೆ ಕೂತಾಗ ಇನ್ನೊಂದು ಪೇಚು. ಬೆಳಕು ಪಕ್ಕದಿಂದ ಬಂದರೆ ಕರಡಿಯನ್ನು ಮಗುಚಬಹುದು, ನೆರಳನ್ನು ಮಗುಚೋಕಾಗಲ್ಲ. ಒಂದು ಆವರ್ತದಲ್ಲಿ ಸೂರ್ಯ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಹಾರುತ್ತಾನೆ. ಅಂದರೆ 36 ನೆರಳು ಬೇರೆಬೇರೆ. ಹಿಮ ಬೀಳೋ ದೇಶದಲ್ಲಿ ಚಳಿಗಾಲದ ಸೂರ್ಯ ನೆತ್ತಿಯ ಮೇಲೆ ಬರಲ್ಲ ಅನ್ನೋದು ನನಗೂ ಗೊತ್ತು. ಆದರೂ ತಂದು ನಿಲ್ಲಿಸಿದೆ. ಕಾಲಡಿಗೆ ಒಂದೊಂದು ಕಪ್ಪು ಮೊಟ್ಟೆ, 18ಕ್ಕೆ ಕೆಲಸ ಮುಗಿಯಿತು.