ಕ್ಯಾಲಿಫೋರ್ನಿಯಾದ ಮೊದಲ ಶಾಸನಸಭೆ: ಸದಸ್ಯರ ಪಟ್ಟಿ ಮಾಡಿದ ನನ್ನ ಅನುಭವ

ಸ್ಯಾನ್ ಹೊಸೆಯಲ್ಲಿ ಕನ್ನಡದವರಿಗೆ ಬರವಿಲ್ಲ. ಆದರೆ ಈ ಊರು ಒಂದು ಕಾಲಕ್ಕೆ ಕ್ಯಾಲಿಫೋರ್ನಿಯಾದ ರಾಜಧಾನಿಯಾಗಿತ್ತು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1849ರ ಡಿಸೆಂಬರ್ 15ರಂದು ರಾಜ್ಯದ ಮೊದಲ ಶಾಸನಸಭೆ ಸೇರಿದ್ದು ಇಲ್ಲೇ, ಈಗಿನ ಸೀಸರ್ ಚಾವೆಜ್ ಪ್ಲಾಜಾದ ಹತ್ತಿರ. ಆ ಸಭೆಯ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಒಂದು ಲೇಖನ ಬರೆಯೋಣ ಅಂತ ಕೂತೆ. ಮೊದಲು ಬೇಕಾಗಿದ್ದು ಸದಸ್ಯರ ಪಟ್ಟಿ. ಕೆಲಸ ಹೆಚ್ಚು ಹಿಡಿದದ್ದೂ ಅದಕ್ಕೇ.

ಮೇಲ್ಮನೆಯಾದ ಸೆನೆಟ್‌ನಲ್ಲಿ 16 ಜನ, ಕೆಳಮನೆಯಾದ ಅಸೆಂಬ್ಲಿಯಲ್ಲಿ 36 ಜನ. ಈ ಎರಡು ಸಂಖ್ಯೆ ಎಲ್ಲಿ ಹುಡುಕಿದರೂ ಸಿಗುತ್ತದೆ. ಆದರೆ ಆ 16 ಸೆನೆಟರುಗಳು ಯಾರು ಅಂತ ಯಾರಾದರೂ ಕೇಳಿದರೆ ಈಗ ನಾನು ತಿರುಗಿ ಕೇಳುತ್ತೇನೆ: ಯಾವ ದಿನ? ಡಿಸೆಂಬರ್‌ನಲ್ಲಿ ಕೂತವರೇ ಏಪ್ರಿಲ್‌ನಲ್ಲಿ ಇರಲಿಲ್ಲ. ಒಬ್ಬರು ನ್ಯಾಯಾಧೀಶರಾದರು, ಕೆಲವರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬೇರೆಯವರು ಬಂದರು. ಎಲ್ಲರನ್ನೂ ಒಟ್ಟಿಗೆ ಒಂದೇ ಪಟ್ಟಿಗೆ ತುಂಬಿದರೆ ಲೆಕ್ಕ 52 ದಾಟುತ್ತದೆ. ಓದುವವರಿಗೆ ತಲೆ ಕೆಡುತ್ತದೆ.

ಹಾಗಾಗಿ ನಾನು ಹೆಸರುಗಳಿಂದ ಶುರು ಮಾಡಲಿಲ್ಲ, ಕುರ್ಚಿಗಳಿಂದ ಶುರು ಮಾಡಿದೆ. 1849ರ ರಾಜ್ಯ ಸಂವಿಧಾನದ ಕೊನೆಯಲ್ಲಿ ಒಂದು ಅನುಬಂಧ ಇದೆ. ಯಾವ ಜಿಲ್ಲೆಗೆ ಎಷ್ಟು ಸ್ಥಾನ ಅನ್ನುವುದು ಅದರಲ್ಲಿದೆ. ಸೆನೆಟ್‌ಗೆ ಸ್ಯಾನ್ ಡಿಯೆಗೊ ಮತ್ತು ಲಾಸ್ ಏಂಜಲೀಸ್ ಸೇರಿ 2, ಸಾಂಟಾ ಬಾರ್ಬರಾ ಮತ್ತು ಸ್ಯಾನ್ ಲೂಯಿಸ್ ಒಬಿಸ್ಪೊ ಸೇರಿ 1, ಮಾಂಟೆರೆಗೆ 1, ಸ್ಯಾನ್ ಹೊಸೆಗೆ 1, ಸೊನೋಮಾಗೆ 1, ಸ್ಯಾನ್ ಫ್ರಾನ್ಸಿಸ್ಕೊಗೆ 2, ಸ್ಯಾಕ್ರಮೆಂಟೊಗೆ 4, ಸ್ಯಾನ್ ಹ್ವಾಕಿನ್‌ಗೆ 4. ಸ್ಪ್ರೆಡ್‌ಶೀಟಿನಲ್ಲಿ ಮೊದಲು ಈ 16 ಖಾಲಿ ಸಾಲು ಹಾಕಿಕೊಂಡೆ. ಅಸೆಂಬ್ಲಿಗೂ ಹಾಗೇ 36 ಸಾಲು.

ಹೆಸರೇ ಇಲ್ಲದ ಆ ಖಾಲಿ ಸಾಲುಗಳೇ ಒಂದು ವಿಷಯ ಹೇಳಿದವು. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಹ್ವಾಕಿನ್ ಚಿನ್ನ ತೋಡುವ ಸೀಮೆಗಳು. ಸೆನೆಟ್‌ನಲ್ಲಿ ಅವೆರಡಕ್ಕೇ 8 ಸ್ಥಾನ. ಅಸೆಂಬ್ಲಿಯಲ್ಲಿ ತಲಾ 9, ಅಂದರೆ 18. ಎರಡೂ ಮನೆಯಲ್ಲಿ ಸರಿಯಾಗಿ ಅರ್ಧ! ಚಿನ್ನ ಸಿಕ್ಕಿದ್ದು 1848ರ ಜನವರಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ಅರ್ಧ ಶಾಸನಸಭೆ ಅಲ್ಲಿಂದ ಬಂದಿತ್ತು. ಹಳೇ ಸ್ಪ್ಯಾನಿಷ್ ಊರುಗಳಾದ ಲಾಸ್ ಏಂಜಲೀಸ್, ಸಾಂಟಾ ಬಾರ್ಬರಾ, ಮಾಂಟೆರೆಗಳ ಕಡೆಯವರು ಎಷ್ಟು ಕಮ್ಮಿ ಇದ್ದರು ಅಂತ ಇದರಿಂದಲೇ ಗೊತ್ತಾಗುತ್ತದೆ. ಆಮೇಲೆ ಪಾಸಾದ ಕೆಲವು ಕಾಯ್ದೆಗಳು ಯಾಕೆ ಹಾಗಿವೆ ಅಂತ ಅರ್ಥವಾಗುವುದಕ್ಕೂ ಈ ಲೆಕ್ಕ ಬೇಕು.

ಇನ್ನು ಹೆಸರು ತುಂಬಿಸುವ ಕೆಲಸ. ಎರಡೂ ಮನೆಯ ನಡಾವಳಿ 1850ರಲ್ಲೇ ಅಚ್ಚಾಗಿದೆ. ಅದರ ಸ್ಕ್ಯಾನ್ ಈಗ ಮನೆಯಲ್ಲೇ ಕೂತು ಓದಬಹುದು. ಮೊದಲ ಪುಟಗಳನ್ನು ಓದಿದರೆ ನಗು ಬರುತ್ತದೆ. ಸಭೆ ಸೇರಬೇಕಾದ ದಿನ ಬಂದದ್ದು 6 ಸೆನೆಟರು, 14 ಅಸೆಂಬ್ಲಿ ಸದಸ್ಯರು. ಕೋರಂ ಇಲ್ಲ. ಆ ಚಳಿಗಾಲ ಭಾರಿ ಮಳೆ, ರಸ್ತೆ ತುಂಬ ಕೆಸರು. ಸ್ಯಾಕ್ರಮೆಂಟೊ ಊರಂತೂ 1850ರ ಜನವರಿಯಲ್ಲಿ ಪ್ರವಾಹಕ್ಕೆ ಮುಳುಗಿತು. ಬರುವವರು ಬರಲಿ ಅಂತ ಕಾದು, 17ನೇ ತಾರೀಕು ಕೆಲಸ ಶುರು ಮಾಡಿದರು.

ಕೂರಲು ಜಾಗವೂ ಸರಿ ಇರಲಿಲ್ಲ. ರಾಜಧಾನಿ ನಮ್ಮೂರಿಗೇ ಬೇಕು ಅಂತ ಹಟ ಹಿಡಿದು ತಂದಿದ್ದ ಸ್ಯಾನ್ ಹೊಸೆಯವರು ಒಂದು ಎರಡಂತಸ್ತಿನ ಕಟ್ಟಡ ಗೊತ್ತು ಮಾಡಿದ್ದರು. ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯದು, 60 ಅಡಿ ಉದ್ದ, 40 ಅಡಿ ಅಗಲ. ಮಹಡಿ ಅಸೆಂಬ್ಲಿಗೆ, ಕೆಳಗಿನ ಅಂತಸ್ತು ಸೆನೆಟ್‌ಗೆ. ಸೆನೆಟರುಗಳು ಬಂದಾಗ ಕೆಳಗಿನ ಭಾಗದ ಕೆಲಸವೇ ಮುಗಿದಿರಲಿಲ್ಲ. ಮೊದಮೊದಲು ಅವರು ಐಸಾಕ್ ಬ್ರಾನ್‌ಹ್ಯಾಮ್ ಅನ್ನುವವರ ಮನೆಯಲ್ಲಿ ಸಭೆ ನಡೆಸಿದರು. ವಿಧಾನಸೌಧ ನೋಡಿ ಬೆಳೆದ ನನಗೆ ಇದನ್ನು ಊಹಿಸಿಕೊಳ್ಳುವುದೇ ಕಷ್ಟವಾಯಿತು. ಆ ಕಟ್ಟಡವೂ 1853ರಲ್ಲಿ ಸುಟ್ಟುಹೋಯಿತು.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ನನ್ನ ಸ್ಪ್ರೆಡ್‌ಶೀಟಿನ ಕಾಲಮ್ಮುಗಳು ಇವು: ಜಿಲ್ಲೆ, ಹೆಸರು, ಪ್ರಮಾಣವಚನ ತೆಗೆದುಕೊಂಡ ದಿನ, ಬಿಟ್ಟ ದಿನ, ಯಾಕೆ ಬಿಟ್ಟರು, ಜಾಗಕ್ಕೆ ಯಾರು ಬಂದರು, ನಡಾವಳಿಯ ಪುಟ. ಕೊನೆಯದನ್ನು ಯಾರೂ ಬಿಡಬೇಡಿ. ಆಮೇಲೆ ಯಾರಾದರೂ ಪ್ರಶ್ನೆ ಎತ್ತಿದಾಗ ನಿಮ್ಮನ್ನು ಕಾಪಾಡುವುದು ಅದೊಂದೇ. ಪಕ್ಷ ಅಂತ ಕಾಲಮ್ ಹಾಕಲಿಲ್ಲ. 1849ರ ನವೆಂಬರ್ 13ರ ಚುನಾವಣೆ ಹೆಚ್ಚುಕಮ್ಮಿ ಪಕ್ಷಗಳ ಹಂಗಿಲ್ಲದೆ ನಡೆದದ್ದು. ಅವತ್ತಿನ ಮನುಷ್ಯನಿಗೆ ಮುಂದೆ ಅವನು ಸೇರಿದ ಪಕ್ಷದ ಪಟ್ಟಿ ಕಟ್ಟುವುದು ನನಗೆ ಸರಿ ಅನ್ನಿಸಲಿಲ್ಲ.

ಬಿಟ್ಟುಹೋದವರನ್ನು ಹಿಡಿಯುವುದು ಹೇಗೆ? ಇಲ್ಲಿ ಸಂವಿಧಾನದ ಒಂದು ನಿಯಮ ಬಹಳ ಸಹಾಯಕ್ಕೆ ಬಂತು. ಸದನದಲ್ಲಿ ಹಾಜರಿದ್ದ ಯಾರೇ ಮೂವರು ಕೇಳಿದರೂ ಸಾಕು, ಯಾರು ಹೌದು ಅಂದರು, ಯಾರು ಇಲ್ಲ ಅಂದರು ಅಂತ ಹೆಸರು ಸಮೇತ ನಡಾವಳಿಯಲ್ಲಿ ಬರೆಯಬೇಕು. 16 ಜನರ ಮನೆಯಲ್ಲಿ ಮೂವರು ಸಿಗುವುದೇನು ಕಷ್ಟ? ಅದಕ್ಕೇ ಸೆನೆಟ್ ನಡಾವಳಿಯ ತುಂಬ ಇಂಥ ಮತದ ಪಟ್ಟಿಗಳು. ನಾನು ಪ್ರತಿ ಮತಕ್ಕೂ ಒಂದು ಕಾಲಮ್ ಹಾಕಿ ಹೆಸರಿನ ಮುಂದೆ ಗುರುತು ಮಾಡುತ್ತಾ ಹೋದೆ. ಒಂದು ಹೆಸರು ಸತತವಾಗಿ ಕಾಣೆಯಾದರೆ, ಅದು ಕೊನೆಗೆ ಕಂಡ ದಿನದಿಂದ ಮುಂದಿನ ಪುಟಗಳನ್ನು ನಿಧಾನಕ್ಕೆ ಓದಿದೆ. ಅಲ್ಲಿ ರಜೆಯ ಅರ್ಜಿಯೋ ರಾಜೀನಾಮೆ ಪತ್ರವೋ ಸಿಗುತ್ತದೆ. ಹೊಸ ಹೆಸರು ಕಂಡರೆ ಹಿಂದಕ್ಕೆ ಹೋಗಿ ಪ್ರಮಾಣವಚನ ಹುಡುಕುವುದು. ಸೂಚಿಯನ್ನು ನಂಬಿ ಹುಡುಕುವುದಕ್ಕಿಂತ ಈ ದಾರಿ ಎಷ್ಟೋ ಮೇಲು.

ಒಂದು ಕುರ್ಚಿಯ ಕಥೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸೆನೆಟ್‌ಗೆ ಬಂದವರಲ್ಲಿ ನಥಾನಿಯಲ್ ಬೆನೆಟ್ ಒಬ್ಬರು. ಇದೇ ಶಾಸನಸಭೆ ರಾಜ್ಯದ ಮೊದಲ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಆರಿಸಿತು, ಬೆನೆಟ್ ಅವರಲ್ಲಿ ಒಬ್ಬರಾದರು. ಕುರ್ಚಿ ಖಾಲಿಯಾಯಿತು. 1850ರ ಜನವರಿಯಲ್ಲಿ ಉಪಚುನಾವಣೆ ಗೆದ್ದು ಅಲ್ಲಿಗೆ ಬಂದವರು ಡೇವಿಡ್ ಬ್ರಾಡರಿಕ್. ನ್ಯೂಯಾರ್ಕಿನಲ್ಲಿ ಕಲ್ಲುಕುಟಿಗರಾಗಿದ್ದವರು. ಮುಂದೆ ವಾಷಿಂಗ್ಟನ್ನಿನ ಸೆನೆಟ್ ತನಕ ಹೋದರು. 1859ರಲ್ಲಿ ಡೇವಿಡ್ ಟೆರಿ ಜೊತೆ ಪಿಸ್ತೂಲಿನ ದ್ವಂದ್ವಯುದ್ಧ ಮಾಡಿ ಸತ್ತರು. ಟೆರಿ ಅಲ್ಲಿಯವರೆಗೆ ಇದೇ ರಾಜ್ಯದ ಮುಖ್ಯ ನ್ಯಾಯಾಧೀಶರು! ಬೆನೆಟ್ ಹೆಸರೊಂದನ್ನೇ ಬರೆದಿದ್ದರೆ ಈ ಅಧಿವೇಶನದ ದೊಡ್ಡ ಮನುಷ್ಯನೇ ಪಟ್ಟಿಯಿಂದ ಬಿಟ್ಟುಹೋಗುತ್ತಿದ್ದರು. ಬ್ರಾಡರಿಕ್ ಹೆಸರೊಂದನ್ನೇ ಬರೆದರೆ ಡಿಸೆಂಬರ್ ತಿಂಗಳೇ ಸುಳ್ಳಾಗುತ್ತದೆ. ಅಸೆಂಬ್ಲಿಯಲ್ಲಿ ಸ್ಪೀಕರ್ ಕುರ್ಚಿಗೂ ಹೀಗೇ ಎರಡು ಸಾಲು ಬೇಕಾಯಿತು. ಮೊದಲು ಥಾಮಸ್ ವೈಟ್, ಫೆಬ್ರವರಿಯಿಂದ ಜಾನ್ ಬಿಗ್ಲರ್. ಬಿಗ್ಲರ್ ಎರಡು ವರ್ಷದಲ್ಲಿ ಗವರ್ನರ್ ಆದರು.

ಹೆಸರುಗಳ ಕಾಟ ಬೇರೆ. ಮತದ ಪಟ್ಟಿಯಲ್ಲಿ ಬರೀ ಮನೆತನದ ಹೆಸರು. ಕಂಪ್ಯೂಟರ್ ಓದಿ ಕೊಟ್ಟ ಪಠ್ಯದಲ್ಲಿ ಕೋವಾರ್ರೂಬಿಯಾಸ್ ಅನ್ನುವ ಹೆಸರು ಪುಟಕ್ಕೊಂದು ವೇಷ ಹಾಕಿತ್ತು. ಚೇಂಬರ್ಲಿನ್ ಅವರನ್ನು ಒಂದು ಕಡೆ ಒಂದು ಥರ ಬರೆದರೆ ಇನ್ನೊಂದು ಕಡೆ ಇನ್ನೊಂದು ಥರ. ಅನುಮಾನ ಬಂದಾಗಲೆಲ್ಲ ಸ್ಕ್ಯಾನಿನ ಚಿತ್ರವನ್ನೇ ದೊಡ್ಡದು ಮಾಡಿ ನೋಡಿದೆ. ಆಮೇಲೆ ಆ ಕಾಲದ ‘ಆಲ್ಟಾ ಕ್ಯಾಲಿಫೋರ್ನಿಯಾ’ ಪತ್ರಿಕೆ ಜೊತೆ ತಾಳೆ ಹಾಕಿದೆ. ಆ ಪತ್ರಿಕೆಯ ಹಳೇ ಸಂಚಿಕೆಗಳೂ ಈಗ ಬಿಟ್ಟಿಯಾಗಿ ಸಿಗುತ್ತವೆ.

ಹೆಸರಿನ ಹಿಂದಿನ ಮನುಷ್ಯರ ಬಗ್ಗೆ ಓದತೊಡಗಿದ ಮೇಲೆ ಕೆಲಸ ನಿಧಾನವಾಯಿತು, ಖುಷಿ ಜಾಸ್ತಿಯಾಯಿತು. ಸೊನೋಮಾದ ಸೆನೆಟರ್ ಮರಿಯಾನೊ ಗ್ವಾಡಲೂಪೆ ವಯೆಹೊ. ಮೆಕ್ಸಿಕೊ ಆಳ್ವಿಕೆಯಲ್ಲಿ ಇವರು ದೊಡ್ಡ ಸೇನಾಧಿಕಾರಿ, ದೊಡ್ಡ ಜಮೀನ್ದಾರ. 1846ರ ಜೂನ್‌ನಲ್ಲಿ ಮೆಕ್ಸಿಕೊ ವಿರುದ್ಧ ದಂಗೆ ಎದ್ದು ಕರಡಿ ಬಾವುಟ ಹಾರಿಸಿದ ಅಮೆರಿಕನ್ನರು ಇವರನ್ನು ಮನೆಯಿಂದ ಎಳೆದೊಯ್ದು ಸ್ಯಾಕ್ರಮೆಂಟೊ ಕಡೆಯ ಜಮೀನ್ದಾರ ಜಾನ್ ಸಟರನ ಕೋಟೆಯಲ್ಲಿ ವಾರಗಟ್ಟಲೆ ಸೆರೆ ಇಟ್ಟಿದ್ದರು. ಆ ಸಟರನ ಹತ್ತಿರ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಜಾನ್ ಬಿಡ್ವೆಲ್. ಮೂರೂವರೆ ವರ್ಷ ಕಳೆದ ಮೇಲೆ ವಯೆಹೊ, ಬಿಡ್ವೆಲ್ ಇಬ್ಬರೂ ಅದೇ 16 ಜನರ ಮನೆಯಲ್ಲಿ ಸೆನೆಟರುಗಳು! ಹೊಸ ಕೌಂಟಿಗಳ (ಅಲ್ಲಿನ ಆಡಳಿತದ ಜಿಲ್ಲೆಗಳ) ಹೆಸರು ಎಲ್ಲಿಂದ ಬಂತು ಅಂತ ವಯೆಹೊ ಸೆನೆಟ್‌ಗೆ ಒಂದು ವರದಿ ಕೊಟ್ಟರು. ಆ 27 ಕೌಂಟಿಗಳನ್ನು ಮಾಡಿದ್ದೂ ಈ ಶಾಸನಸಭೆಯೇ, ಫೆಬ್ರವರಿ 18ರಂದು. ಸಾಂಟಾ ಬಾರ್ಬರಾ ಕಡೆಯಿಂದ ಪಾಬ್ಲೊ ಡೆ ಲಾ ಗೆರ್ರಾ ಇದ್ದರು. ಕಾಯ್ದೆಗಳನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕು ಅಂತ ಸಂವಿಧಾನದಲ್ಲೇ ಇತ್ತು.

ಈ ಅಧಿವೇಶನಕ್ಕೆ ಒಂದು ಅಡ್ಡಹೆಸರಿದೆ: ‘ಸಾವಿರ ಗುಟುಕಿನ ಶಾಸನಸಭೆ’. ಥಾಮಸ್ ಜೆಫರ್ಸನ್ ಗ್ರೀನ್ ಅನ್ನುವ ಸೆನೆಟರ್ ಸಭೆ ಮುಗಿದ ಕೂಡಲೇ ‘ಬನ್ನಿ, ಸಾವಿರ ಗುಟುಕು ಹಾಕೋಣ’ ಅಂತ ಎಲ್ಲರನ್ನೂ ಕರೆಯುತ್ತಿದ್ದರಂತೆ. ಎಲ್ಲಾ ಕಡೆ ಇದೊಂದೇ ಕಥೆ. ನನಗೆ ಈ ಕಥೆ ಕೇಳಿ ಕೇಳಿ ಬೇಸರ ಬಂದಿದೆ. ಯಾಕೆ ಅಂದರೆ ಇದೇ ಗ್ರೀನ್ ತಂದ ಮಸೂದೆ ಏಪ್ರಿಲ್ 13ರಂದು, ಆ ಅಧಿವೇಶನದ ಕಾಯ್ದೆ ಪುಸ್ತಕದ 97ನೇ ಅಧ್ಯಾಯವಾಗಿ, ಕಾಯ್ದೆಯಾಯಿತು. ಹೊರದೇಶದವರು ಚಿನ್ನ ತೋಡಬೇಕಾದರೆ ತಿಂಗಳಿಗೆ 20 ಡಾಲರ್ ಕಟ್ಟಬೇಕು. ಮೆಕ್ಸಿಕೊ, ಚಿಲಿ ಕಡೆಯ ಸಾವಿರಾರು ಜನ ಗಣಿ ಬಿಟ್ಟು ಹೋದರು. ಗಿರಾಕಿಗಳಿಲ್ಲದೆ ಅಂಗಡಿಯವರೇ ಗಲಾಟೆ ಮಾಡಿದ ಮೇಲೆ 1851ರಲ್ಲಿ ಅದನ್ನು ರದ್ದು ಮಾಡಿದರು. ಕುಡಿತದ ಕಥೆ ಹೇಳಿ ನಕ್ಕುಬಿಟ್ಟರೆ ಇದು ಕಣ್ಣಿಗೇ ಬೀಳುವುದಿಲ್ಲ.

ಇನ್ನೂ ಕೆಟ್ಟದ್ದು 133ನೇ ಅಧ್ಯಾಯ. ಅಧಿವೇಶನದ ಕೊನೆಯ ದಿನ, ಏಪ್ರಿಲ್ 22ರದ್ದು. ಹೆಸರಲ್ಲಿ ಮೂಲನಿವಾಸಿಗಳ ‘ರಕ್ಷಣೆ’ ಅಂತಿದೆ. ಒಳಗೆ ನೋಡಿದರೆ, ಕೆಲಸವಿಲ್ಲದೆ ತಿರುಗುತ್ತಿದ್ದಾನೆ ಅಂತ ಮೂಲನಿವಾಸಿಯೊಬ್ಬನನ್ನು ಹಿಡಿದು ಅವನ ದುಡಿಮೆಯನ್ನು ಹರಾಜು ಹಾಕಬಹುದು. ಅವರ ಮಕ್ಕಳನ್ನು ಬಿಳಿಯರು ಇಟ್ಟುಕೊಂಡು ದುಡಿಸಬಹುದು. ಮೂಲನಿವಾಸಿಯ ಸಾಕ್ಷಿ ನಂಬಿ ಬಿಳಿಯನಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಸೆನೆಟ್‌ನಲ್ಲಿ ಬಿಡ್ವೆಲ್ ಸಿದ್ಧಪಡಿಸಿದ ಮಸೂದೆ ಇದಕ್ಕಿಂತ ಎಷ್ಟೋ ಮೆದುವಾಗಿತ್ತು. ಅದು ಮುಂದೆ ಹೋಗಲಿಲ್ಲ. ಅಸೆಂಬ್ಲಿಯಲ್ಲಿ ಸ್ಯಾನ್ ಹೊಸೆ ಜಿಲ್ಲೆಯ ಎಲಾಮ್ ಬ್ರೌನ್ ತಂದದ್ದು ಪಾಸಾಯಿತು. ಅಂದರೆ ನಾನಿರುವ ಜಿಲ್ಲೆಯದೇ ಸಾಲು. ಆ ಸಾಲಿನ ಮುಂದೆ ಇದನ್ನು ಸ್ಪಷ್ಟವಾಗಿ ಬರೆದೆ.

ಅದೇ ಮನೆಗಳಲ್ಲಿ ಇನ್ನೊಂದು ಥರದ ಮತವೂ ಸಿಗುತ್ತದೆ. ಸ್ವತಂತ್ರ ಕಪ್ಪು ಜನರು ರಾಜ್ಯದೊಳಗೆ ಬರದ ಹಾಗೆ ಕಾಯ್ದೆ ಮಾಡಿ ಅಂತ ಗವರ್ನರ್ ಪೀಟರ್ ಬರ್ನೆಟ್ ತಮ್ಮ ಮೊದಲ ಸಂದೇಶದಲ್ಲೇ ಕೇಳಿದರು. ಅಸೆಂಬ್ಲಿ ಒಪ್ಪಿತು. ಸೆನೆಟ್ ಅದನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿ ಮುಗಿಸಿತು. ಅಡ್ಡ ನಿಂತವರಲ್ಲಿ ಮುಖ್ಯರಾದವರು ಬ್ರಾಡರಿಕ್. ಅವರು ಆ ಕುರ್ಚಿಗೆ ಬಂದ ದಿನ ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ವಾ?

ದುಡ್ಡಿನ ವಿಷಯ ಸ್ವಲ್ಪ ಹೇಳಲೇಬೇಕು. ಸದಸ್ಯರ ಭತ್ಯೆ ದಿನಕ್ಕೆ 16 ಡಾಲರ್, ಪ್ರಯಾಣಕ್ಕೆ 20 ಮೈಲಿಗೆ 16 ಡಾಲರ್. ಆದರೆ ಖಜಾನೆ ಖಾಲಿ. ತಿಂಗಳಿಗೆ 3 ಶೇಕಡಾ ಬಡ್ಡಿಯ ಸಾಲಪತ್ರ ಮಾರಿ ಸರ್ಕಾರ ನಡೆಸಿದರು. ತಿಂಗಳಿಗೆ, ವರ್ಷಕ್ಕಲ್ಲ! ಮೀಟರ್ ಬಡ್ಡಿಯವರ ಬಾಯಲ್ಲಿ ಕೇಳುವಂಥ ದರ.

ಲೇಖನದ ತಲೆಬರಹದ ಕೆಳಗೆ ಒಂದು ಟಿಪ್ಪಣಿ ಹಾಕಲೇಬೇಕಾಯಿತು. ಈ ಸಭೆ ಕೂತಿದ್ದಷ್ಟೂ ದಿನ ಕ್ಯಾಲಿಫೋರ್ನಿಯಾ ಅಮೆರಿಕದ ಒಂದು ರಾಜ್ಯವೇ ಆಗಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಗುಲಾಮಗಿರಿಯ ಜಗಳ ಮುಗಿದು, ಅದನ್ನು ಸೇರಿಸಿಕೊಂಡದ್ದು 1850ರ ಸೆಪ್ಟೆಂಬರ್ 9ರಂದು. ಈ ಶಾಸನಸಭೆ ಡಿಸೆಂಬರ್ 20ರಂದೇ ಫ್ರೆಮಾಂಟ್ ಮತ್ತು ಗ್ವಿನ್ ಅವರನ್ನು ಅಮೆರಿಕದ ಸೆನೆಟ್‌ಗೆ ಆರಿಸಿ ಕಳಿಸಿತ್ತು. ಇಬ್ಬರೂ ಅಲ್ಲಿ ಹೋಗಿ ತಿಂಗಳುಗಟ್ಟಲೆ ಬಾಗಿಲ ಹೊರಗೆ ಕಾದರು. ಫ್ರೆಮಾಂಟ್ ಅವಧಿ ಮುಂದಿನ ಮಾರ್ಚ್‌ಗೇ ಮುಗಿದುಹೋಯಿತು.

ಈಗ ಎರಡನೇ ಅಧಿವೇಶನದ ಪಟ್ಟಿ ಹಿಡಿದಿದ್ದೇನೆ. ಅದೂ ಸ್ಯಾನ್ ಹೊಸೆಯಲ್ಲೇ, 1851ರ ಜನವರಿ 6ರಂದು ಶುರುವಾದದ್ದು. ಅದೇ ವಾರ ಬರ್ನೆಟ್ ರಾಜೀನಾಮೆ ಕೊಟ್ಟರು. ಸೆನೆಟ್ ಅಧ್ಯಕ್ಷತೆ ನೋಡಿಕೊಳ್ಳುತ್ತಿದ್ದ ಲೆಫ್ಟಿನೆಂಟ್ ಗವರ್ನರ್ ಮೆಕ್‌ಡೂಗಲ್ ಗವರ್ನರ್ ಆದರು. ಅಧ್ಯಕ್ಷರ ಕುರ್ಚಿಗೆ ಬ್ರಾಡರಿಕ್ ಬಂದರು. ಹಾಗಾಗಿ ಮೊದಲ ಪುಟದಲ್ಲೇ ಸಾಲುಗಳನ್ನು ಒಡೆಯುತ್ತಾ ಕೂತಿದ್ದೇನೆ.